ತಂಗಳು ನೀರು

ಮೀನಿನ ತೊಟ್ಟಿಯ ಸ್ಪಂಜನ್ನು ಹಿಂಡಿದ ಮೇಲೆ ಕೈಗೆ ಒಂದು ವಾಸನೆ ಅಂಟಿಕೊಳ್ಳುತ್ತದೆ. ಸೋಪು ಹಚ್ಚಿ ತೊಳೆದರೂ ಪೂರ್ತಿ ಹೋಗುವುದಿಲ್ಲ. ಬೆರಳ ಸಂದಿಯಲ್ಲಿ, ಉಗುರಿನ ಬುಡದಲ್ಲಿ ಸ್ವಲ್ಪ ಉಳಿದಿರುತ್ತದೆ. ಹಸಿ ಪಾಚಿ, ನೆನೆದ ಕಲ್ಲು, ಚೂರು ಕಬ್ಬಿಣ, ಮಳೆ ನಿಂತ ಮೇಲಿನ ಮಣ್ಣು, ಇವನ್ನೆಲ್ಲ ಒಂದೇ ಬಟ್ಟೆಯಲ್ಲಿ ಕಟ್ಟಿಟ್ಟು ಬಿಚ್ಚಿದಂಥ ವಾಸನೆ. ಮನೆಗೆ ಬಂದವರು ಅದನ್ನು ಮೀನಿನ ವಾಸನೆ ಎಂದು ತಿಳಿದು ಮೂಗು ಮುರಿಯುತ್ತಾರೆ. ಆರೋಗ್ಯವಾಗಿರುವ ಮೀನಿಗೆ ಅಂಥ ವಾಸನೆಯೇನೂ ಇರುವುದಿಲ್ಲ. ಇದು ನೀರಿನದು, ಬಹಳ ಕಾಲ ಒಂದೇ ಕಡೆ ಬದುಕಿದ ನೀರಿನದು. ಭಾನುವಾರದ ಬೆಳಿಗ್ಗೆ ಸಂಡೂರಿನ ನನ್ನ ಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಸ್ಪಂಜು ಹಿಂಡುತ್ತೇನೆ. ಎದುರಿನ ಗುಡ್ಡದ ಮೇಲಿಂದ ಬಿಸಿಲು ಇಳಿಯುತ್ತಿರುತ್ತದೆ. ಕೈಯನ್ನು ಮೂಗಿನ ಹತ್ತಿರ ತಂದರೆ ಹೊಸಪೇಟೆಯ ಆ ಹಿತ್ತಲು ಬರುತ್ತದೆ, ಅದರ ಹಿಂದೆ ಇಡೀ ಮನೆ ಬರುತ್ತದೆ. ಈಗ ಆ ಮನೆಯಿಲ್ಲ. ನಿಮಗೂ ಹೀಗೆ ಯಾವುದೋ ಒಂದು ವಾಸನೆ ಇರಬಹುದು, ಹೇಳಿದರೆ ಬೇರೆಯವರಿಗೆ ಅರ್ಥವಾಗದ್ದು.

ನಮ್ಮ ಕಡೆ ನೀರಿನ ಕಲ್ಲುತೊಟ್ಟಿಗೆ ಹೌದ ಎನ್ನುತ್ತಾರೆ. ಹೌದು ಎಂಬ ಮಾತಿಗೂ ಇದಕ್ಕೂ ಸಂಬಂಧವಿಲ್ಲ ಎಂದು ತಿಳಿಯಲು ನಾನು ಶಾಲೆಗೆ ಹೋಗಬೇಕಾಯಿತು. ಯಾರು ಬಂದು ಕೇಳಿದರೂ ಇಲ್ಲ ಎನ್ನದೆ ನೀರು ಕೊಡುವುದರಿಂದ ಅದಕ್ಕೆ ಆ ಹೆಸರು ಬಂದಿದೆ ಎಂದುಕೊಂಡಿದ್ದೆ. ನಮ್ಮ ಮನೆ ಮುಂದಿನಿಂದ ಹಿಂದಕ್ಕೆ ಉದ್ದವಾಗಿತ್ತು. ಮುಂದೆ ಅಜ್ಜನ ಅಕ್ಕಿ ಅಂಗಡಿ, ನಡುವೆ ಕತ್ತಲೆಯ ಪಡಸಾಲೆ, ಆಮೇಲೆ ಅಡುಗೆಮನೆ, ಕೊನೆಗೆ ಹಿತ್ತಲು. ಕಂಪ್ಲಿಯ ಗಿರಣಿಗಳಿಂದ ಬಂದ ಚೀಲಗಳ ತೌಡಿನ ವಾಸನೆ ಪಡಸಾಲೆಯವರೆಗೆ ಇರುತ್ತಿತ್ತು. ಅಡುಗೆಮನೆಯ ಹಿಂಬಾಗಿಲು ದಾಟಿದರೆ ನೀರಿನ ವಾಸನೆ ಶುರುವಾಗುತ್ತಿತ್ತು. ನುಗ್ಗೆಗಿಡದ ನೆರಳಲ್ಲಿ ನಾಲ್ಕು ಕರಿಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ, ಸಂದಿಗೆ ಗಚ್ಚು ತುಂಬಿ ಕಟ್ಟಿದ ಹೌದ. ಅದರ ಅಂಚು ನನ್ನ ಎದೆಯವರೆಗೆ ಬರುತ್ತಿತ್ತು. ತಳದಲ್ಲಿ ಒಂದು ತೂತು, ಅದಕ್ಕೆ ಬಟ್ಟೆ ಸುತ್ತಿ ಬಡಿದ ಮರದ ಬೆಣೆ. ಅದಿರಿನ ಲಾರಿಗಳು ಊರ ಹೊರಗಿನ ರಸ್ತೆಯಲ್ಲೇ ಹೋಗುತ್ತಿದ್ದರೂ ಅವುಗಳ ಕೆಂಪು ದೂಳು ಗಾಳಿಯಲ್ಲಿ ನಮ್ಮ ಹಿತ್ತಲಿಗೂ ಬಂದು, ಸಂಜೆಯ ಹೊತ್ತಿಗೆ ಹೌದದ ನೀರಿನ ಮೇಲೆ ತೆಳ್ಳಗೆ ಕೆನೆಗಟ್ಟುತ್ತಿತ್ತು.

ಅಪ್ಪನ ತಮ್ಮ ಬಸು ಚಿಕ್ಕಪ್ಪ ಸಂಡೂರಿನ ಒಂದು ಗಣಿಯ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಿದ್ದ. ವಾರವೆಲ್ಲ ಅಲ್ಲೇ ಇದ್ದು ಶನಿವಾರದ ಸಂಜೆಯ ಬಸ್ಸಿಗೆ ಮನೆಗೆ ಬರುತ್ತಿದ್ದ. ಸ್ನಾನ ಮಾಡಿದರೂ ಕಿವಿಯ ಮಡಿಕೆಯಲ್ಲಿ ಕೆಂಪು ಉಳಿದಿರುತ್ತಿತ್ತು. ಪಾಪಿನಾಯಕನಹಳ್ಳಿಯ ಗಿರಿಜಾ ಎಂಬುವಳ ಜೊತೆ ಅವನ ಮದುವೆಯಾದಾಗ ನಾನು ಇನ್ನೂ ಚಿಕ್ಕವಳು. ಮದುವೆಯ ಮೇಲೆ ಮೊದಲ ಸಲ ಅತ್ತೆಮನೆಗೆ ಹೋದ ಅಳಿಯನನ್ನು ಅವರು ಏನು ಬೇಕೆಂದು ಕೇಳಿದರು. ಉಂಗುರವೋ ಗಡಿಯಾರವೋ ಕೇಳುತ್ತಾನೆಂದು ಎಲ್ಲರೂ ಕಾಯುತ್ತಿದ್ದರಂತೆ. ಚಿಕ್ಕಪ್ಪ ತಲೆ ತಗ್ಗಿಸಿಕೊಂಡು, "ನಿಮ್ಮ ಹೊಲದ ಬಾವ್ಯಾಗ ಮೀನ ಅದಾವಲ್ರೀ, ಸಣ್ಣವು. ಒಂದು ಡಬ್ಬಿ ಕೊಡ್ರಿ ಸಾಕು" ಎಂದನಂತೆ. ಸೊಳ್ಳೆಯ ಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ಎಂದೋ ಬಾವಿಗೆ ಬಿಟ್ಟು ಹೋದ ಗಪ್ಪಿ ಮೀನುಗಳು ಅವು. ಗಂಡು ಮೀನಿನ ಬಾಲದಲ್ಲಿ ಅರಿಸಿನ ಕುಂಕುಮ ಎರಚಿದಂತೆ ಚುಕ್ಕೆಗಳು, ಹೆಣ್ಣು ಬೂದಿಬಣ್ಣದ್ದು, ತುಂಬಿದ ಹೊಟ್ಟೆಯದು. ಚಿಕ್ಕಮ್ಮ ಈ ಕಥೆಯನ್ನು ಎಷ್ಟು ಸಲ ಹೇಳಿದರೂ ನಾಚಿಕೆಯಿಂದಲೇ ಹೇಳುತ್ತಿದ್ದಳು. "ಬಸ್ಸಿನಾಗ ಮಡಿಲಾಗ ಡಬ್ಬಿ ಇಟ್ಕೊಂಡು ಕುಂತೀನಿ. ಹೊಸಾ ರೇಷ್ಮಿ ಸೀರಿ. ಕಂಡಕ್ಟರ್ ಕೇಳ್ತಾನ, ಏನವ್ವಾ ತುಪ್ಪೇನು ಅಂತ."

ಮೀನು ಬಂದ ದಿನ ಅಜ್ಜಿ ಅಡುಗೆಮನೆಯ ಹಿಂಬಾಗಿಲು ಹಾಕಿಕೊಂಡಳು. ಲಿಂಗ ಕಟ್ಟಿದವರ ಮನೆಯಲ್ಲಿ ಆ ಹೆಸರನ್ನು ಬಾಯಲ್ಲಿ ಹೇಳುವುದೂ ಅವಳಿಗೆ ಕಷ್ಟವಾಗಿತ್ತು. ಕೊನೆಯವರೆಗೂ ಅವಳು ಅವನ್ನು ಗಂಗಮ್ಮನ ಮಕ್ಕಳು ಎಂದೇ ಕರೆದಳು. ಓಣಿಯವರಿಗೆ ತಮಾಷೆಯ ವಸ್ತು ಸಿಕ್ಕಿತು. ಅಂಗಡಿಗೆ ಬಂದವರು ಅಕ್ಕಿ ಅಳೆಸಿಕೊಳ್ಳುತ್ತ, "ಯಜಮಾನ್ರ, ಅಕ್ಕಿ ಜೋಡಿ ಮೀನೂ ಇಟ್ಟೀರಂತ. ಊಟ ಪೂರಾ ಆತು ಬಿಡ್ರಿ" ಎನ್ನುತ್ತಿದ್ದರು. ಅಜ್ಜ ನಗದೆ, ಮಾಪು ತುಂಬಿದ ಅಕ್ಕಿಯನ್ನು ಕೈಯಲ್ಲಿ ಸಮ ಮಾಡುತ್ತ, "ಸೊಳ್ಳಿ ನಿನ್ನ ಮನ್ಯಾಗ ಅದಾವೇನು? ನಮ್ಮನ್ಯಾಗ ಇಲ್ಲ" ಎಂದು ಉತ್ತರಿಸುತ್ತಿದ್ದ. ಅದು ನಿಜವಾಗಿತ್ತು. ಒಂದೇ ತಿಂಗಳಲ್ಲಿ ಹೌದದ ನೀರಿನಲ್ಲಿ ಕುಣಿಯುವ ಹುಳು ಒಂದೂ ಉಳಿದಿರಲಿಲ್ಲ.

ಚಿಕ್ಕಪ್ಪನಿಗೆ ಮೀನು ಸಾಕುವುದೆಂದರೆ ಅರ್ಧ ನೀರು ಸಾಕುವುದಾಗಿತ್ತು. ನಲ್ಲಿಯಲ್ಲಿ ಬಂದ ಹೊಸ ನೀರು ಬ್ಲೀಚಿಂಗ್ ಪೌಡರಿನಿಂದ ಘಾಟು ಹೊಡೆಯುತ್ತಿತ್ತು. ಅದನ್ನು ನೇರ ಹಾಕಿದರೆ ಮೀನಿನ ಕಿವಿರು ಸುಟ್ಟಂತಾಗುತ್ತದೆ ಎನ್ನುತ್ತಿದ್ದ. ಆದ್ದರಿಂದ ಕೊಡಗಳಲ್ಲಿ ಹಿಡಿದು, ಬಾಯಿ ಮುಚ್ಚದೆ ಒಂದು ರಾತ್ರಿ ಹಿತ್ತಲಲ್ಲಿ ಇಡಬೇಕು. ಬೆಳಿಗ್ಗೆ ಅದು ತಂಗಳು ನೀರು. ಮೊದಲು ರಬ್ಬರ್ ನಳಿಗೆಯನ್ನು ತಳಕ್ಕೆ ಇಳಿಸಿ, ಒಂದು ಸಲ ಬಾಯಿಂದ ಎಳೆದುಬಿಟ್ಟು, ತಳದ ಗಲೀಜು ನೀರು ಎರಡು ಕೊಡದಷ್ಟನ್ನು ನುಗ್ಗೆಗಿಡಕ್ಕೆ ಹರಿಸಬೇಕು. ಆಮೇಲೆ ಎರಡು ಕೊಡ ತಂಗಳು ನೀರನ್ನು ಕಲ್ಲಿನ ಗೋಡೆಗುಂಟ, ಮೀನಿಗೆ ಗೊತ್ತಾಗದ ಹಾಗೆ ಬಿಡಬೇಕು. ಎಂದೂ ಪೂರ್ತಿ ಖಾಲಿ ಮಾಡಬಾರದು. ಗೋಡೆಯ ಪಾಚಿಯನ್ನು ಎಲ್ಲ ಕಡೆ ತಿಕ್ಕಬಾರದು. ಕೆಂಪು ಕೆನೆ ಕಟ್ಟಿದರೆ ಹಳೆಯ ಪೇಪರಿನ ಹಾಳೆಯನ್ನು ನೀರಿನ ಮೇಲೆ ಮಲಗಿಸಿ ಮೆಲ್ಲಗೆ ಎತ್ತಿದರೆ ಕೆನೆ ಹಾಳೆಗೆ ಅಂಟಿ ಬರುತ್ತದೆ. ಹಾಗೆ ತೆಗೆಯದಿದ್ದರೆ ನೀರು ಉಸಿರಾಡುವುದಿಲ್ಲ, ಮೀನು ಬಾಯಿ ಮೇಲೆ ಮಾಡಿ ಗುಟುಕರಿಸುತ್ತವೆ. ಏಪ್ರಿಲ್ ಬಂದರೆ ಗೋಣಿಚೀಲ ನೆನೆಸಿ ಹೌದದ ಅರ್ಧ ಬಾಯಿಗೆ ಹೊದೆಸುತ್ತಿದ್ದ. ಮೀನಿನ ಮೈಮೇಲೆ ರವೆಯ ಕಾಳು ಅಂಟಿದಂತೆ ಬಿಳಿ ಚುಕ್ಕೆ ಕಂಡರೆ ಅದನ್ನು ಬೇರೆ ಬೋಗುಣಿಗೆ ತೆಗೆದು ಕಲ್ಲುಪ್ಪು ಹಾಕುತ್ತಿದ್ದ. ಇದನ್ನೆಲ್ಲ ಯಾರಿಂದ ಕಲಿತನೋ ಗೊತ್ತಿಲ್ಲ. ಕೇಳಿದವರಿಗೆಲ್ಲ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಚಿಕ್ಕಮ್ಮ ಕೇಳದವರ ಗುಂಪಿನಲ್ಲಿದ್ದಳು. ವಾರಕ್ಕೆ ಒಂದು ದಿನ ಮನೆಗೆ ಬರುವ ಗಂಡ ಆ ದಿನದ ಬೆಳಗನ್ನೆಲ್ಲ ಹೌದದ ಅಂಚಿನ ಮೇಲೆ ಕಳೆಯುತ್ತಿದ್ದುದು ಅವಳಿಗೆ ಹಿಡಿಸುತ್ತಿರಲಿಲ್ಲ. ಒಲೆಯ ಮುಂದೆ ರೊಟ್ಟಿ ತಟ್ಟುತ್ತ ಕೂಗುತ್ತಿದ್ದಳು: "ನಿಮಗ ಬಿಸಿ ರೊಟ್ಟಿ ಬೇಕು, ನಿಮ್ಮ ಮೀನಿಗೆ ತಂಗಳು ಬೇಕು. ಎಂಥಾ ದರಿದ್ರ ಮೀನ ಅವು."

"ನಿಮ್ಮ ತವರಮನಿ ಮಂದಿನ ಅಲ್ಲೇನ ಅವು? ನಾ ಏನ್ ಮಾಡ್ಲಿ," ಎನ್ನುತ್ತಿದ್ದ ಚಿಕ್ಕಪ್ಪ.

"ಹಂಗಾರ ನಮ್ಮ ತವರಮನ್ಯಾಗ ಬಿಟ್ಟ ಬರ್ರಿ. ನನ್ನೂ ಬಿಟ್ಟ ಬರ್ರಿ."

ಅಜ್ಜಿ ಒಳಗಿಂದ "ರೊಟ್ಟಿ ಹೊತ್ತತು ನೋಡವ್ವಾ" ಎನ್ನುವವರೆಗೆ ಇದು ನಡೆಯುತ್ತಿತ್ತು. ನಾನು ಹೌದದ ಇನ್ನೊಂದು ಬದಿಗೆ ಗಲ್ಲ ಊರಿ ನಿಂತು ಕೇಳುತ್ತಿದ್ದೆ. ಕಲ್ಲು ತಂಪಾಗಿರುತ್ತಿತ್ತು.

ಸಂಡೂರಿನಿಂದ ಬರುವ ದಾರಿಯಲ್ಲಿ, ಗುಡ್ಡದ ತಿರುವಿನಲ್ಲಿ, ಒಂದು ಲಾರಿ ಮಗುಚಿತು. ಆ ಶನಿವಾರ ಚಿಕ್ಕಪ್ಪ ಬಸ್ಸಿಗೆ ಕಾಯದೆ ಅದನ್ನು ಹತ್ತಿದ್ದ. ಇದರ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ. ದೊಡ್ಡವರು ನಮ್ಮೆದುರು ಹೆಚ್ಚು ಮಾತಾಡಲಿಲ್ಲ. ಮರುದಿನ ನಮ್ಮ ಹೊಲದಲ್ಲಿ ಮಣ್ಣು ಮಾಡಿ ಬಂದರು. ಗಂಡಸರು ಹಿಂತಿರುಗುವ ಹೊತ್ತಿಗೆ ಓಣಿಯ ಹೆಂಗಸರು ಮನೆಯ ಎಲ್ಲ ನೀರನ್ನೂ ಚೆಲ್ಲುತ್ತಿದ್ದರು. ಕೊಡ, ಬಿಂದಿಗೆ, ಬಚ್ಚಲ ಹಂಡೆ, ದೇವರ ಕೋಣೆಯ ತಂಬಿಗೆ, ಎಲ್ಲವೂ ಅಂಗಳದಲ್ಲಿ ಬೋರಲು ಬಿದ್ದಿದ್ದವು. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಅಜ್ಜ ಯಾವಾಗಲೂ ಹೇಳುತ್ತಿದ್ದ. ಅಜ್ಜಿಯ ಲೆಕ್ಕ ಬೇರೆ ಇತ್ತು. "ಸೂತಕ ಇಲ್ಲ ಖರೆ. ನೀರು ಚೆಲ್ಲೋದು ರೂಢಿ" ಎಂದು ಅಳುವಿನ ನಡುವೆಯೇ ಹೇಳಿದಳು. ಸಾವು ಕಂಡ ಮನೆಯಲ್ಲಿ ನಿಂತ ನೀರು ನಿಂತಿರಬಾರದು. ಕೊನೆಗೆ ಹೌದ ಉಳಿಯಿತು. ಯಾರೋ ಒಬ್ಬಾಕೆ ಸೆರಗು ಸಿಕ್ಕಿಸಿ, ಬೆಣೆಯನ್ನು ಸಡಿಲಿಸಲು ಕಲ್ಲು ಹಿಡಿದು ಬಗ್ಗಿದಳು.

ಅಲ್ಲಿಯವರೆಗೆ ಪಡಸಾಲೆಯ ಮೂಲೆಯಲ್ಲಿ ಕೂತಿದ್ದ ಚಿಕ್ಕಮ್ಮ ಎದ್ದು ಬಂದಳು. ಹೆಂಗಸರು ದಾರಿ ಬಿಟ್ಟರು. ಅವಳು ನೆಲದ ಮೇಲೆ ಕೂತು, ಬೆಣೆಗೆ ಬೆನ್ನು ಕೊಟ್ಟು, "ಇದು ಬ್ಯಾಡ" ಎಂದಳು.

"ಹಂಗ ಬಿಡಬಾರದು ಗಿರಿಜವ್ವಾ. ಮೀನ ಒಂದು ಬಕೆಟಿಗೆ ಹಾಕೋಣಂತ" ಎಂದು ಆ ಹೆಂಗಸು ಸಮಾಧಾನದಿಂದಲೇ ಹೇಳಿದಳು.

"ಇದು ಬ್ಯಾಡ."

ಅದೇ ಮಾತು, ಅದೇ ದನಿ. ಯಾರೋ ಅವಳ ತೋಳು ಹಿಡಿದು ಎತ್ತಲು ನೋಡಿದರು, ಆಗಲಿಲ್ಲ. ಆಗ ಅಜ್ಜ ಬಂದ. ಹೊಲದ ಮಣ್ಣು ಅವನ ಪಾದದ ಮೇಲೆ ಒಣಗಿತ್ತು. ಏನೆಂದು ಕೇಳಿದ, ಹೇಳಿದರು. ಅವನು ಹೌದದ ಹತ್ತಿರ ಹೋಗಿ, ಬೊಗಸೆ ತುಂಬ ನೀರು ಎತ್ತಿ, ಎಲ್ಲರೂ ನೋಡುತ್ತಿದ್ದಂತೆ ಕುಡಿದ. ಪಾಚಿಯ ನೀರು, ಗಂಟಲಲ್ಲಿ ಇಳಿಯುವುದು ಕಾಣುತ್ತಿತ್ತು. ಮೀಸೆ ಒರೆಸಿಕೊಂಡು, "ನಾ ಕುಡದೀನಿ. ಇನ್ನ ಯಾರರ ಏನರ ಅಂತೀರೇನು?" ಎಂದ. ಕಲ್ಲು ಹಿಡಿದವಳು ಅದನ್ನು ಕೆಳಗಿಟ್ಟಳು. ಸತ್ತ ಗಂಡನ ಮೀನಿನ ಮೇಲೆ ಪಾಪ ಅವಳಿಗೆ ಎಷ್ಟು ಜೀವ ಎಂದು ಹೆಂಗಸರು ಮಾತಾಡಿಕೊಂಡು ಹೋದರು. ನಾನೂ ಹಾಗೆಯೇ ತಿಳಿದಿದ್ದೆ.

ಗಂಡ ಇದ್ದಾಗ ಕಿವಿಗೆ ಹಾಕಿಕೊಳ್ಳದ ಮಾತುಗಳನ್ನೆಲ್ಲ ಅವಳು ಈಗ ಒಂದೊಂದಾಗಿ ಹುಡುಕಬೇಕಾಯಿತು. ಅವುಗಳಲ್ಲಿ ಎಷ್ಟೋ ನನ್ನ ಹತ್ತಿರ ಇದ್ದವು, ಗಲ್ಲ ಊರಿ ನಿಂತು ಕೇಳಿದ್ದೆನಲ್ಲ. "ನೀಲಾ, ಉಪ್ಪು ಎಷ್ಟು ಹಾಕತಿದ್ರು ನಿಮ್ಮ ಚಿಕ್ಕಪ್ಪ?" ಎಂದು ಕೇಳುತ್ತಿದ್ದಳು. ನಾನು ಅಂಗೈ ಗುಳಿ ಮಾಡಿ ತೋರಿಸುತ್ತಿದ್ದೆ. ನನ್ನ ಅಂಗೈ ಚಿಕ್ಕದು, ಅವನದು ದೊಡ್ಡದು. ಇಬ್ಬರೂ ಅದನ್ನು ಯೋಚಿಸಿ, ಒಂದೂವರೆ ಪಟ್ಟು ಹಾಕುತ್ತಿದ್ದೆವು. ಮೊದಮೊದಲು ಅವಳು ಮೀನಿಗೆ ಮಂಡಕ್ಕಿ ಪುಡಿ ಮಾಡಿ ಕೈತುಂಬ ಎರಚುತ್ತಿದ್ದಳು. ಅದು ಉಬ್ಬಿ, ತಳಕ್ಕೆ ಹೋಗಿ ಕೊಳೆತು, ನೀರು ಹಾಲಿನಂತೆ ಬಿಳಿಯಾಯಿತು. ಚಿಟಿಕೆಯಷ್ಟು ಹಾಕಿ, ತಿಂದು ಮುಗಿಸುವವರೆಗೆ ನಿಂತು ನೋಡಬೇಕು ಎಂದು ಅವನು ಹೇಳುತ್ತಿದ್ದುದು ಆಗ ನೆನಪಾಯಿತು. ನಿಂತು ನೋಡುವುದೇ ಅದರಲ್ಲಿ ಮುಖ್ಯವಾಗಿತ್ತು. ಬಾಲವನ್ನು ಬಿಚ್ಚಿ ಓಡಾಡುವ ಮೀನು ಚೆನ್ನಾಗಿದೆ. ರೆಕ್ಕೆ ಮುಚ್ಚಿಕೊಂಡು ಒಂದೇ ಕಡೆ ನಿಂತ ಮೀನಿಗೆ ಏನೋ ಆಗಿದೆ. ದಿನಾ ನೋಡುವವರಿಗೆ ಮಾತ್ರ ಅದು ಕಾಣುತ್ತದೆ. ರಬ್ಬರ್ ನಳಿಗೆಯನ್ನು ಬಾಯಿಂದ ಎಳೆಯುವುದನ್ನು ಅವಳು ಬಹಳ ದಿನ ಕಲಿಯಲಿಲ್ಲ, ಪ್ರತಿಸಲ ನೀರು ಬಾಯಿಗೆ ಬಂದು ಉಗುಳುತ್ತಿದ್ದಳು. ಒಂದು ದಿನ ಉಗುಳಿ, ಬಾಯಿ ಒರೆಸಿಕೊಂಡು, ಸಣ್ಣಗೆ ನಕ್ಕಳು. "ಹುಚ್ಚ ಮನಿಶಾ. ಇದನ್ನ ಕುಡ್ಯಾಕ ವಾರವಾರ ಬರ್ತಿದ್ದ," ಎಂದಳು. ಗಂಡನನ್ನು ಅವಳು ಏಕವಚನದಲ್ಲಿ ಕರೆದದ್ದನ್ನು ಕೇಳಿದ್ದು ಅದೊಂದೇ ಸಲ.

ಮುಂದೆ ಯಾವುದೋ ವರ್ಷ ಶಿವರಾತ್ರಿಗೆ ಅಪ್ಪನ ಅಕ್ಕ ಶಾಂತತ್ತೆ ಕಂಪ್ಲಿಯಿಂದ ಬಂದಳು. ಬಂದವಳು ಸುಮ್ಮನೆ ಕೂರುವವಳಲ್ಲ. ಅಟ್ಟದ ಮೇಲಿದ್ದ ತಾಮ್ರದ ಹಂಡೆ, ಬಿಂದಿಗೆ, ತಂಬಿಗೆಗಳನ್ನೆಲ್ಲ ಇಳಿಸಿ, ಹುಣಿಸೆಹಣ್ಣು ಬೂದಿ ಹಚ್ಚಿ, ಕಿಲುಬೆಲ್ಲ ಹೋಗುವಂತೆ ತಿಕ್ಕಿದಳು. ಕಂಪ್ಲಿಯಲ್ಲಿ ಅವರು ಹಬ್ಬದ ಪಾತ್ರೆಗಳನ್ನು ಹೊಳೆಗೆ ಒಯ್ದು ತಿಕ್ಕಿ, ಹರಿಯುವ ನೀರಿನಲ್ಲಿ ಮುಳುಗಿಸಿ ಎತ್ತುತ್ತಾರೆ. ತುಂಗಭದ್ರೆಯಲ್ಲಿ ಮುಳುಗಿಸಿದರೆ ಏನೂ ಆಗುವುದಿಲ್ಲ. ಅದೇ ಅಭ್ಯಾಸದಲ್ಲಿ ಅವಳು ಇಲ್ಲಿ ಹೌದದಲ್ಲಿ ಮುಳುಗಿಸಿದಳು. ಹಂಡೆಗಳು ಹೊಸದಾಗಿ ಮಾಡಿದಂತೆ ಕೆಂಪಗೆ ಹೊಳೆದವು, ಎಲ್ಲರೂ ಹೊಗಳಿದರು. ಮರುದಿನ ಬೆಳಿಗ್ಗೆ ಕಲ್ಲಿನ ಗೋಡೆಗೆ ಅಂಟಿಕೊಂಡಿರುತ್ತಿದ್ದ ಸಣ್ಣ ಬಸವನಹುಳುಗಳೆಲ್ಲ ಕಳಚಿ ತಳಕ್ಕೆ ಬಿದ್ದಿದ್ದವು. ಮೀನುಗಳು ಮೇಲಕ್ಕೆ ಬಂದು, ರೆಕ್ಕೆ ಮುಚ್ಚಿ, ನಿಂತಲ್ಲೇ ನಡುಗುತ್ತಿದ್ದವು. ಹುಣಿಸೆಯ ಹುಳಿ ಬಿಡಿಸಿದ ತಾಮ್ರದ ಕಿಲುಬು ಮೀನಿಗೆ ವಿಷವೆಂದು ಬಹಳ ವರ್ಷಗಳ ಮೇಲೆ ಒಬ್ಬ ಅಕ್ವೇರಿಯಂ ಅಂಗಡಿಯವನಿಂದ ತಿಳಿಯಿತು. ಅವತ್ತು ನಮಗೆ ಗೊತ್ತಾದದ್ದು ನೀರು ಕೆಟ್ಟಿದೆ ಎಂಬುದಷ್ಟೆ.

"ಬೆಣಿ ತಗೀರಿ. ಪೂರಾ ಖಾಲಿ ಮಾಡಿ ತಂಗಳು ನೀರು ತುಂಬ್ರಿ. ಮೀನಾರ ಉಳೀಲಿ," ಎಂದ ಅಜ್ಜ. ಅದು ಸರಿಯಾದ ಮಾತಾಗಿತ್ತು. ಓಣಿಯ ಮನೆಗಳಿಂದ ನಿನ್ನೆಯ ನೀರು ತುಂಬಿದ ಕೊಡಗಳನ್ನು ಆಗಲೇ ತಂದು ಸಾಲಾಗಿ ಇಟ್ಟಿದ್ದರು. ಶಾಂತತ್ತೆ ಮೂಲೆಯಲ್ಲಿ ನಿಂತು ಅಳುತ್ತಿದ್ದಳು. ಚಿಕ್ಕಮ್ಮ ಮಾತ್ರ ಬೆಣೆ ಮುಟ್ಟಲು ಬಿಡಲಿಲ್ಲ. ಕೊಡ ತಗೊಂಡು ಮೇಲಿನಿಂದ ಮೊಗೆದು ಚೆಲ್ಲತೊಡಗಿದಳು. ಮೊಗೆಯುತ್ತ ಮೊಗೆಯುತ್ತ ತಳದಲ್ಲಿ ಒಂದು ಗೇಣು ಉಳಿದಾಗ ನಿಲ್ಲಿಸಿದಳು.

"ಅದನ್ನೂ ಚೆಲ್ಲು ಗಿರಿಜಾ. ವಿಷ ತಳದಾಗ ಇರ್ತೈತಿ. ಮೀನ ಸಾಯ್ತಾವ."

"ಮೀನ ಸಾಯ್ತಾವ ಮಾವ, ಮತ್ತ ಹುಟ್ತಾವ. ಅವರು ತಂದಿದ್ದು ಒಂದರ ಉಳದೈತೇನು ಇದರಾಗ? ಎಲ್ಲಾ ಅವುಗಳ ಮಕ್ಕಳು ಮೊಮ್ಮಕ್ಕಳು." ಅವಳು ಏದುಸಿರು ಬಿಡುತ್ತಿದ್ದಳು. ಸೀರೆ ಮೊಣಕಾಲವರೆಗೆ ನೆನೆದಿತ್ತು. "ನೀರು ಹಂಗಲ್ಲ. ದಿನಾ ಎರಡು ಕೊಡ ತಗದು ಎರಡು ಕೊಡ ಹಾಕೀನಿ. ಅವರು ತುಂಬಿದ ನೀರು ಇದರಾಗ ಇನ್ನೂ ಐತಿ. ಎಷ್ಟ ಐತೋ ಗೊತ್ತಿಲ್ಲ. ಐತಿ."

ಅಜ್ಜ ಒಂದು ಕೊಡ ಎತ್ತಿ, ಚಿಕ್ಕಪ್ಪ ಮಾಡುತ್ತಿದ್ದ ಹಾಗೆ ಗೋಡೆಗುಂಟ ಮೆಲ್ಲಗೆ ಬಿಡತೊಡಗಿದ. ಆ ವಾರ ಮೀನುಗಳಲ್ಲಿ ಹೆಚ್ಚಿನವು ಸತ್ತವು. ಪ್ರತಿದಿನ ಬೆಳಿಗ್ಗೆ ಚಿಕ್ಕಮ್ಮ ಜಾಲರಿಯಿಂದ ಅವನ್ನು ತೆಗೆದು ನುಗ್ಗೆಗಿಡದ ಬುಡದಲ್ಲಿ ಹುಗಿಯುತ್ತಿದ್ದಳು, ಕೈ ತೊಳೆದುಕೊಂಡು ಎರಡು ಕೊಡ ತೆಗೆದು ಎರಡು ಕೊಡ ಹಾಕುತ್ತಿದ್ದಳು. ಉಳಿದ ನಾಲ್ಕಾರರಲ್ಲಿ ಒಂದು ಬಸುರಿ ಹೆಣ್ಣು ಇತ್ತು. ಮಳೆಗಾಲದ ಹೊತ್ತಿಗೆ ಹೌದದ ತುಂಬ ಮತ್ತೆ ಸೂಜಿಯಷ್ಟು ಸಣ್ಣ ಮರಿಗಳು.

ಆಮೇಲೆ ಮನೆಯಲ್ಲಿ ಬೇರೆ ಸಾವುಗಳಾದವು. ಅಜ್ಜಿ ಹೋದಳು, ಅಜ್ಜ ಹೋದ. ಆಗಲೂ ಕೊಡ ಬಿಂದಿಗೆಗಳನ್ನು ಬೋರಲು ಹಾಕಿದರು, ಹೌದವನ್ನು ಯಾರೂ ಮುಟ್ಟಲಿಲ್ಲ. ಹೌದ ಬಿಟ್ಟು ಉಳಿದ ನೀರು ಚೆಲ್ಲುವುದು ನಮ್ಮ ಮನೆಯ ರೂಢಿ ಎಂದು ಓಣಿಯಲ್ಲಿ ಹೊಸಬರಿಗೆ ಹೇಳುವಷ್ಟು ಅದು ಸಹಜವಾಗಿತ್ತು. ನಾನು ಓದಲು ಹೋದೆ, ಸಂಡೂರಿನಲ್ಲಿ ಶಾಲೆಯ ಕೆಲಸ ಸಿಕ್ಕಿತು. ರಸ್ತೆ ಅಗಲ ಮಾಡುವಾಗ ಅಂಗಡಿಯ ಭಾಗ ಹೋಯಿತು. ಉಳಿದ ಅರ್ಧ ಮನೆಯನ್ನು ಅಪ್ಪ ಮಾರಿದ. ಅಪ್ಪ ಅಮ್ಮ ನನ್ನ ಜೊತೆ ಬಂದರು. ಚಿಕ್ಕಮ್ಮ ಬರಲಿಲ್ಲ. ಹೊಸಪೇಟೆಯಲ್ಲೇ ಬಾಡಿಗೆಗೆ ಎರಡು ಕೋಣೆಯ ಮನೆ ಹಿಡಿದು ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದಳು. ಮನೆ ಬಿಟ್ಟ ದಿನ ಅವಳು ಒಂದು ಸ್ಟೀಲ್ ಬಿಂದಿಗೆಯಲ್ಲಿ ಹೌದದ ನೀರು ತುಂಬಿಕೊಂಡಳು, ಮೀನನ್ನು ಅದರಲ್ಲೇ ಬಿಟ್ಟುಕೊಂಡಳು. ಆಮೇಲೆ ತಾನೇ ಕಲ್ಲು ತಗೊಂಡು ಬೆಣೆಯನ್ನು ಬಡಿದು ಸಡಿಲಿಸಿ ಕಿತ್ತಳು. ನೀರು ನುಗ್ಗೆಗಿಡದ ಕಡೆ ಹರಿದುಹೋಗುವುದನ್ನು ಅವಳು ನಿಂತು ನೋಡಲಿಲ್ಲ. "ಆಟೋ ಬಂದೈತಿ ನಡಿ," ಎಂದಳು. ಆಟೋದಲ್ಲಿ ಬಿಂದಿಗೆ ಮಡಿಲಲ್ಲಿತ್ತು.

ಆ ಬಿಂದಿಗೆ ನೀರಿನಿಂದ ಅವಳ ಗಾಜಿನ ತೊಟ್ಟಿ ಶುರುವಾಯಿತು. ಅಡುಗೆಯ ಒಲೆಯಿಂದ ದೂರ, ಬಿಸಿಲು ನೇರ ಬೀಳದ ಮೂಲೆಯಲ್ಲಿ, ಮರದ ಮೇಜಿನ ಮೇಲೆ ಅದು ಇತ್ತು. ಗಾಳಿ ಬಿಡುವ ಸಣ್ಣ ಯಂತ್ರದ ಗುರುಗುಟ್ಟುವ ಸದ್ದು, ರೊಟ್ಟಿ ತಟ್ಟುವ ಸದ್ದು, ಆ ಮನೆಯಲ್ಲಿ ಎರಡೇ ಸದ್ದು. ಈಗ ಎರಡು ಕೊಡದ ಬದಲು ಎರಡು ತಂಬಿಗೆ. ಕರೆಂಟು ಹೋದರೆ ತಂಬಿಗೆಯಿಂದ ನೀರನ್ನು ಮೊಗೆದು ಮೇಲಿನಿಂದ ಸುರಿಯುತ್ತ, ಕರೆಂಟು ಬರುವವರೆಗೆ ಗಾಳಿ ಬೆರೆಸುತ್ತ ಕೂರುತ್ತಿದ್ದಳು. ರೊಟ್ಟಿಗೆ ಬಂದ ಹೆಂಗಸರು ಅಲ್ಲೇ ಕೂತು ನೋಡುತ್ತಿದ್ದರು, ಮೀನು ಬೇಕೆಂದು ಕೇಳುತ್ತಿದ್ದರು. ಯಾರು ಕೇಳಿದರೂ ಮೀನು ಕೊಡುತ್ತಿದ್ದಳು, ತಂಗಳು ನೀರಿನ ಪಾಠವನ್ನೂ ಬಿಡದೆ ಹೇಳುತ್ತಿದ್ದಳು. ತೊಟ್ಟಿಯ ನೀರನ್ನು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ. ನಾನು ಸಂಡೂರಿನಲ್ಲಿ ತೊಟ್ಟಿ ಇಟ್ಟಾಗಲೂ ಅಷ್ಟೇ. "ನಿನ್ನ ನೀರು ನೀನ ತಗೊಂಡು ಬಾ" ಎಂದಿದ್ದಳು. ನಾನು ಕ್ಯಾನಿನಲ್ಲಿ ನೀರು ಒಯ್ದೆ. ಅವಳು ಮೂರು ಜೋಡಿ ಮೀನನ್ನು ಒಂದು ಬೋಗುಣಿಗೆ ತೆಗೆದು, ನನ್ನ ನೀರನ್ನು ಚಮಚದಿಂದ ಸ್ವಲ್ಪ ಸ್ವಲ್ಪ ಬೆರೆಸುತ್ತ, ಮಧ್ಯಾಹ್ನವೆಲ್ಲ ಅವನ್ನು ಅದಕ್ಕೆ ಒಗ್ಗಿಸಿದಳು. ಒಗ್ಗಿದ ಮೇಲೆ ಮೀನನ್ನು ಜಾಲರಿಯಲ್ಲಿ ಎತ್ತಿ ನನ್ನ ಕ್ಯಾನಿಗೆ ಹಾಕಿ, ಬೋಗುಣಿಯಲ್ಲಿ ಉಳಿದ ನೀರನ್ನು ತಿರುಗಿ ತೊಟ್ಟಿಗೇ ಸುರಿದಳು.

"ಒಂದು ತಂಬಿಗಿ ಕೊಟ್ರ ಏನಾಗ್ತೈತಿ ಚಿಕ್ಕಮ್ಮ? ನಾ ಏನು ಹೊರಗಿನಾಕೀನಾ?" ಎಂದೆ.

"ಮೀನ ಒಯ್ಯಿ. ಎಷ್ಟರ ಒಯ್ಯಿ," ಎಂದು ಚಮಚ ಒರೆಸಿಟ್ಟಳು. "ಹಂಚಿದ್ರ ನನಗ ಗೊತ್ತಾಗಂಗಿಲ್ಲವ್ವಾ, ಎಲ್ಲಿ ಎಷ್ಟು ಉಳೀತು ಅಂತ."

ಚಿಕ್ಕಮ್ಮ ಹೋದದ್ದು ಈಚೆಗೆ, ಒಂದು ಬೆಳಿಗ್ಗೆ, ಒಲೆಯ ಮುಂದೆಯೇ. ಪಕ್ಕದ ಮನೆಯ ಹುಲಿಗೆಮ್ಮ ಫೋನ್ ಮಾಡಿದಳು. ಹುಲಿಗೆಮ್ಮ ದಿನಾ ಅವಳಿಗೆ ರೊಟ್ಟಿ ಹಿಟ್ಟು ನಾದಿಕೊಡುತ್ತಿದ್ದವಳು, ಗಟ್ಟಿ ದನಿಯ ಹೆಂಗಸು. ಫೋನಿನಲ್ಲಿ ಆ ದನಿ ಗುರುತೇ ಸಿಗಲಿಲ್ಲ. ಅಪ್ಪನನ್ನು ಕರೆದುಕೊಂಡು ಬಸ್ಸಿಗೆ ಹೊಸಪೇಟೆಗೆ ಬಂದೆ. ಮಧ್ಯಾಹ್ನ ಹೊಲದಲ್ಲಿ, ಚಿಕ್ಕಪ್ಪನ ಪಕ್ಕದಲ್ಲಿ, ಮಣ್ಣು ಮಾಡಿದೆವು. ಹಿಂತಿರುಗಿ ಅವಳ ಮನೆಗೆ ಬಂದಾಗ ಬಿಸಿಲು ಇನ್ನೂ ಇತ್ತು. ನೆಲ ತೊಳೆದಿದ್ದರು. ಬಾಗಿಲ ಹೊರಗೆ ಕೊಡ, ತಂಬಿಗೆ, ಸ್ಟೀಲ್ ಬಿಂದಿಗೆ ಬೋರಲು ಇದ್ದವು. ಅವುಗಳ ಪಕ್ಕದಲ್ಲಿ ಗಾಜಿನ ತೊಟ್ಟಿ ಗೋಡೆಗೆ ಒರಗಿತ್ತು. ಒಳಗೂ ಹೊರಗೂ ತಿಕ್ಕಿ ತೊಳೆದಿದ್ದರು. ಅಷ್ಟು ಸ್ವಚ್ಛವಾಗಿ ಅದನ್ನು ನಾನು ಎಂದೂ ನೋಡಿರಲಿಲ್ಲ. ಅದರೊಳಗಿಂದ ಆಚೆಯ ಗೋಡೆಯ ಸುಣ್ಣದ ಬಿರುಕು ಕಾಣುತ್ತಿತ್ತು.

ಹುಲಿಗೆಮ್ಮ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ತೊಟ್ಟಿ ಇದ್ದ ಮೇಜಿನ ಮೇಲೆ ಹೊಸ ನೀಲಿ ಬಕೆಟ್ ಇತ್ತು. "ನೋಡ್ರಿ ಟೀಚರ್. ಒಂದೂ ಸತ್ತಿಲ್ಲ. ಮೀನಂದ್ರ ಅಕ್ಕಾರು ಜೀವ ಬಿಡ್ತಿದ್ರು, ನಮಗ ಗೊತ್ತೈತಲ್ರೀ. ನಲ್ಲಿ ನೀರು ಹಾಕಿಲ್ಲ. ನಮ್ಮನಿ ಕೊಡದಾಗ ನಿನ್ನಿ ಹಿಡದಿಟ್ಟಿದ್ದು ಇತ್ತು, ತಂಗಳು, ಅದನ್ನ ಹಾಕೀವಿ. ಗ್ವಾಡಿಗುಂಟ, ಸಾವಕಾಶ. ಅಕ್ಕಾರು ಹೆಂಗ ಹೇಳ್ತಿದ್ರೋ ಹಂಗ."

ಬಗ್ಗಿ ನೋಡಿದೆ. ಮೀನುಗಳು ಬಾಲ ಬಿಚ್ಚಿ ಓಡಾಡುತ್ತಿದ್ದವು. ನೀರು ತಳದವರೆಗೆ ತಿಳಿಯಾಗಿತ್ತು.

"ಆ ನೀರು?" ಎಂದೆ.

"ಎಲ್ಲಾ ಚೆಲ್ಲೀವ್ರಿ. ಮೀನಿನ ಡಬ್ಬಿದೂ ಬಿಟ್ಟಿಲ್ಲ. ಅದು ಭಾಳ ಹಳೇದು ನೋಡ್ರಿ, ಹಸರು ಕಟ್ಟಿತ್ತು. ಒಂದು ಹನಿ ಸುದ್ದಾ ಉಳಿಸಿಲ್ಲ." ಅವಳ ಕಣ್ಣು ಬಾತಿದ್ದವು. ರೂಢಿಯಲ್ಲಿ ಏನೂ ಕಡಿಮೆ ಮಾಡಿಲ್ಲ ಎಂದು ಮನೆಯವರ ಬಾಯಿಂದ ಕೇಳಲು ಅವಳು ಕಾಯುತ್ತಿದ್ದಳು.

"ಹೌದು, ಛಲೋ ಮಾಡೀರಿ," ಎಂದೆ. "ಎಲ್ಲಿ ಚೆಲ್ಲಿದ್ರಿ?"

"ಮೋರಿಗೆ ಹಾಕಿಲ್ರಿ, ಅಕ್ಕಾರು ಬೈತಿದ್ರು. ಹಿಂದ ಕರಿಬೇವಿನ ಗಿಡಕ್ಕ."

ಹಿಂದಕ್ಕೆ ಹೋದೆ. ಕರಿಬೇವಿನ ಬುಡದ ಮಣ್ಣು ನೆನೆದು ಕಪ್ಪಾಗಿತ್ತು, ಅಂಚುಗಳು ಬಿಸಿಲಿಗೆ ಆಗಲೇ ಬಿಳುಪಾಗುತ್ತಿದ್ದವು. ಒಂದೆಳೆ ಪಾಚಿ ಎಲೆಯೊಂದಕ್ಕೆ ಅಂಟಿ ಒಣಗಿತ್ತು. ಕೂತು ಅಂಗೈಯನ್ನು ಮಣ್ಣಿನ ಮೇಲೆ ಇಟ್ಟೆ. ತಂಪಾಗಿತ್ತು. ಒಳಗಿಂದ ಅಪ್ಪ ಬಸ್ಸಿಗೆ ಹೊತ್ತಾಯಿತೆಂದು ಕರೆದ. ಕೈ ತೊಳೆದುಕೊಳ್ಳಲು ಹುಲಿಗೆಮ್ಮ ತಂಬಿಗೆ ತುಂಬ ನೀರು ತಂದಳು. ಆಮೇಲೆ ತೊಳೆಯುತ್ತೇನೆ ಎಂದೆ. ಮೀನಿನ ಬಕೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಸಂಡೂರಿನ ಬಸ್ಸಿನಲ್ಲಿ ಕೂತೆ. ಗುಡ್ಡದ ತಿರುವಿನಲ್ಲಿ ಬಕೆಟ್ಟಿನ ನೀರು ತುಳುಕಿ ಸೀರೆಯ ಮೇಲೆ ಬಿತ್ತು. ಅದಕ್ಕೆ ಯಾವ ವಾಸನೆಯೂ ಇರಲಿಲ್ಲ. ಕೈಗೆ ಇತ್ತು.